ಸೊಂಟದ ಲೇಬಲ್ ಮೇಲೆ ಏನು ಬರೆಸಲಿ?

ಬಳ್ಳಾರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ಎರಡು ಸಲ ಓದಿದೆ. ಹದಿಮೂರು ವರ್ಷ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದು, ಈಗ ಊರಿಗೆ ಬಂದು ಎಂಟು ಮಷೀನ್ ಹಾಕಿ ಜೀನ್ಸ್ ಹೊಲಿಸುತ್ತಿದ್ದೀರಿ. ಲೇಬಲ್ ಮೇಲೆ ‘1984ರಿಂದ’ ಅಂತ ಹಾಕಿಸಿ ಎನ್ನುತ್ತಾರೆ ಡಿಸೈನರ್. ‘ಕನಸಿಗಾಗಿ ಕೆಲಸ ಬಿಟ್ಟವರು’ ಅಂತ ಕಾಲೇಜಿನವರು ಭಾಷಣಕ್ಕೆ ಕರೆದಿದ್ದಾರೆ. ನಿಜ ಏನೆಂದರೆ, ಕಂಪನಿಯೇ ನಿಮ್ಮಿಂದ ರಾಜೀನಾಮೆ ಬರೆಸಿಕೊಂಡಿತ್ತು. ‘ವೇಷ ಹಾಕದೆ ವ್ಯಾಪಾರ ಮಾಡೋಕಾಗುತ್ತಾ?’ ಅಂತ ಕೇಳಿದ್ದೀರಿ.

ಮೊದಲು ಲೇಬಲ್. 1984ರಲ್ಲಿ ನಿಮ್ಮ ತಂದೆ ಹೊಲಿಗೆ ಅಂಗಡಿ ಇಟ್ಟಿದ್ದು ನಿಜ. ಆದರೆ ಅವರು ಹೊಲಿದದ್ದು ಶಾಲೆ ಯೂನಿಫಾರ್ಮ್, ಅಂಗಡಿಯೂ ಯಾವಾಗಲೋ ಮುಚ್ಚಿತು. ಹಾಗಿದ್ದ ಮೇಲೆ ಆ ಇಸವಿ ಯಾಕೆ? ‘ಬಳ್ಳಾರಿಯಲ್ಲಿ ಹೊಲಿದದ್ದು’ ಅಂತ ಹಾಕಿಸಿ. ಬಟ್ಟೆ ಅಹಮದಾಬಾದಿನದಾ ಅಂತ ಯಾರಾದರೂ ಕೇಳಿದರೆ ಹೌದು ಅನ್ನಿ, ನಾಚಿಕೆ ಯಾಕೆ?

ಜೀನ್ಸ್ ಹುಟ್ಟಿದ ಕಥೆ ಕೇಳಿದ್ದೀರಾ? ಜೇಬು ಹರಿಯದಂತೆ ಮೂಲೆಗೆ ತಾಮ್ರದ ರಿವೆಟ್ ಹೊಡೆದವನು ಜೇಕಬ್ ಡೇವಿಸ್ ಅನ್ನುವ ದರ್ಜಿ. ಪೇಟೆಂಟ್ ಮಾಡಿಸಲು ಕೈಯಲ್ಲಿ ದುಡ್ಡಿಲ್ಲ. ತನಗೆ ಬಟ್ಟೆ ಕೊಡುತ್ತಿದ್ದ ವ್ಯಾಪಾರಿ ಲೀವೈ ಸ್ಟ್ರಾಸ್‌ಗೆ ಕಾಗದ ಬರೆದ. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು. ಲೇಬಲ್ ಮೇಲೆ ಉಳಿದದ್ದು ವ್ಯಾಪಾರಿಯ ಹೆಸರು. ದರ್ಜಿಗಳ ಊರಾದ ಬಳ್ಳಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನೇನು ಸಾಚಾ ಅಲ್ಲ. ಪತ್ರಿಕೆ ಶುರುವಾದ ವರ್ಷ ‘ನಮ್ಮ ಸಂಪಾದಕ ಬಳಗ’ ಅಂತ ಬರೆಯುತ್ತಿದ್ದೆ. ಇದ್ದವನು ನಾನೊಬ್ಬ, ಜತೆಗೆ ಸಂಜೆ ಬಂದು ಟೈಪ್ ಮಾಡುವ ಹುಡುಗ. ಒಬ್ಬ ಚಂದಾದಾರರು ‘ಬಳಗಕ್ಕೆಲ್ಲ ಇರಲಿ’ ಅಂತ ಇಪ್ಪತ್ತು ಹೋಳಿಗೆ ಕಟ್ಟಿಸಿಕೊಂಡು ಬಂದರು. ಇಬ್ಬರೇ ಮೂರು ದಿನ ತಿಂದೆವು.

ಇನ್ನು ಭಾಷಣ. ಕೆಲಸ ಹೋದ ಕಥೆ ಗಿರಾಕಿಗೆ ಬೇಕಿಲ್ಲ, ಅವರಿಗೆ ಹೊಲಿಗೆ ಗಟ್ಟಿ ಇದ್ದರೆ ಸಾಕು. ಕಾಲೇಜಿನಲ್ಲಿ ಹಾಗಲ್ಲ. ನಿಮ್ಮ ಮಾತು ನಂಬಿ ನಾಳೆ ಯಾವನೋ ಹುಡುಗ ಸಂಬಳದ ಕೆಲಸ ಬಿಟ್ಟಾನು. ನಿಮಗೆ ಬೇರೆ ದಾರಿ ಇರಲಿಲ್ಲ, ಮನೆ ನಡೆದದ್ದು ಹೆಂಡತಿಯ ಸಂಬಳದಲ್ಲಿ ಅನ್ನೋದು ಅವನಿಗೆ ಗೊತ್ತಾಗಬೇಕು, ಅಲ್ವಾ? ಅಷ್ಟು ಹೇಳೋಕಾಗದಿದ್ದರೆ ಹೋಗಲೇಬೇಡಿ.

ನನಗೆ ಜಾಸ್ತಿ ಚುಚ್ಚಿದ್ದು ನೀವು ಕೊನೆಗೆ ಸುಮ್ನೆ ಗೀಚಿದ ಸಾಲು. ಬಟವಾಡೆ ಎರಡು ವಾರ ತಡವಾಗಿ, ಹೊಲಿಯುವ ಹೆಣ್ಣುಮಕ್ಕಳಿಗೆ ‘ಪೇಮೆಂಟ್ ಪ್ರೋಸೆಸ್‌ನಲ್ಲಿದೆ’ ಅಂದಿರಂತೆ. ಕಂಪನಿ ಬಿಟ್ಟರೂ ಕಂಪನಿಯ ಮಾತು ಬಿಟ್ಟಿಲ್ಲ ನೀವು. ‘ವಾಷಿಂಗ್‌ನವರಿಗೆ ಕೊಟ್ಟು ಕೈ ಖಾಲಿ ಆಗಿದೆ ಅಕ್ಕಾ, ಬುಧವಾರ ಕೊಡ್ತೀನಿ’ ಅನ್ನಿ. ಬೈತಾರೆ, ಬೈಸಿಕೊಳ್ಳಿ. ಬುಧವಾರ ಕೊಡಿ. ಲೇಬಲ್, ಭಾಷಣ ಎಲ್ಲ ಆಮೇಲೆ.

ಹಾಗೇ ನನಗೊಂದು ಪ್ಯಾಂಟ್ ಕಳಿಸಿ, ಸೊಂಟ 38. ಬಿಲ್ ಜತೆಗಿರಲಿ.

– ಸಂ.