ಮೇಷ್ಟ್ರ ಕಾಯಿಲೆ ಬಗ್ಗೆ ಎಷ್ಟು ಹೇಳಬೇಕು?

ನಿಮ್ಮ ಗಣಿತದ ಮೇಷ್ಟ್ರು ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಪಾಠ ಮಾಡಿದರು, ಈಗ ಅವರ ನೆನಪಿನ ಸಭೆಯಲ್ಲಿ ಕಾಯಿಲೆ ವಿಷಯ ಎತ್ತಬೇಕೋ ಬೇಡವೋ ಅಂತ ಕೇಳಿದ್ದೀರಿ. ಎತ್ತಿ. ಆದರೆ ಮೊದಲು ಮನೆಯವರನ್ನು ಒಂದು ಮಾತು ಕೇಳಿಬಿಡಿ. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

‘ಕಾಯಿಲೆಯ ವಿರುದ್ಧ ಹೋರಾಡಿದ ಧೀರ’ ಅನ್ನೋ ಮಾತು ಮಾತ್ರ ಬೇಡ. ಅದನ್ನು ಯಾರ ಬಗ್ಗೆ ಬೇಕಾದರೂ ಹೇಳಬಹುದು, ಅಲ್ವಾ? ನೀವು ಕಣ್ಣಾರೆ ಕಂಡದ್ದನ್ನು ಹೇಳಿ. ಡಯಾಲಿಸಿಸ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ಗಂಟೆ. ಮುಗಿದ ಮೇಲೆ ವಿಪರೀತ ಸುಸ್ತು. ಕುಡಿಯುವ ನೀರಿಗೂ ಲೆಕ್ಕ, ಯಾಕೆಂದರೆ ಜಾಸ್ತಿಯಾದ ನೀರನ್ನು ಹೊರಹಾಕಲು ಕಿಡ್ನಿಗೆ ಆಗುವುದಿಲ್ಲ. ದಿನವಿಡೀ ಮಾತಾಡುವವರು ಒಣಗಿದ ಗಂಟಲಲ್ಲೇ ಪಾಠ ಮಾಡೋದು ಸುಮ್ನೆ ಅಲ್ಲ. ಡಯಾಲಿಸಿಸ್ ಸೂಜಿ ಚುಚ್ಚಲು ಕೈಯ ರಕ್ತನಾಳಗಳನ್ನು ಆಪರೇಷನ್ ಮಾಡಿ ಜೋಡಿಸಿರುತ್ತಾರೆ, ಅದಕ್ಕೆ ಫಿಸ್ಟುಲಾ ಅಂತಾರೆ. ಆ ಕೈಯಲ್ಲಿ ಭಾರ ಎತ್ತಬಾರದು ಅಂತಾರೆ. ನೋಟ್‌ಬುಕ್ಕಿನ ಕಟ್ಟನ್ನು ಯಾವಾಗಲೂ ಬಲಗೈಯಲ್ಲೇ ಹಿಡಿಯುತ್ತಿದ್ದರು ಅಂತ ಬರೆದಿದ್ದೀರಲ್ಲ, ಕಾರಣ ಬಹುಶಃ ಇದೇ. ಅಷ್ಟು ಹೇಳಿದರೆ ಸಾಕು, ಕೇಳುವವರಿಗೆ ಅರ್ಥವಾಗುತ್ತದೆ.

ಉಳಿದ ಹೊತ್ತೆಲ್ಲ ಮೇಷ್ಟ್ರ ಪಾಠಕ್ಕೆ ಕೊಡಿ. ತಪ್ಪು ಲೆಕ್ಕವನ್ನು ಹೊಡೆದು ಹಾಕದೆ, ಎಲ್ಲಿ ದಾರಿ ತಪ್ಪಿತೋ ಅಲ್ಲೊಂದು ಚುಕ್ಕಿ ಇಡುತ್ತಿದ್ದರಂತೆ. ನನಗಂತೂ ಅದು ತುಂಬ ಹಿಡಿಸಿತು. ಅದರಿಂದಲೇ ಶುರು ಮಾಡಿ. ಅವರ ಸಿಟ್ಟಿನ ಬಗ್ಗೆಯೂ ಒಂದು ಮಾತಿರಲಿ, ಸಭೆ ಸ್ವಲ್ಪ ನಗಲಿ. ಕೊನೆಯ ದಿನಗಳ ಆಸ್ಪತ್ರೆ ವಿವರ ಪೂರ್ತಿ ಬಿಟ್ಟುಬಿಡಿ. ಬರೆದದ್ದನ್ನು ಹಿಂದಿನ ದಿನವೇ ಮನೆಯವರಿಗೆ ತೋರಿಸಿ.