ಮಳೆಗಾಲದಲ್ಲಿ ಜೇನುಪೆಟ್ಟಿಗೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಹಿತ್ತಲಲ್ಲಿ ಎರಡು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನುನೊಣ) ಪೆಟ್ಟಿಗೆ ಇಟ್ಟಿದ್ದೇನೆ. ಬೇಸಿಗೆಯಲ್ಲಿ ನೊಣ ಕಿಕ್ಕಿರಿದಿದ್ದವು, ಜೇನೂ ತೆಗೆದೆ. ಮಳೆ ಹಿಡಿದ ಮೇಲೆ ಅರ್ಧಕ್ಕರ್ಧ ನೊಣ ಕಾಣಿಸುತ್ತಿಲ್ಲ. ಇದು ರೋಗವಾ? ಸಕ್ಕರೆ ಪಾಕ ಕೊಟ್ಟರೆ ಸಾಕಾ?

ಉತ್ತರ: ಮಳೆಗಾಲದಲ್ಲಿ ನೊಣ ಇಳಿದರೆ ನಾನು ಮೊದಲು ಅನುಮಾನಪಡುವುದು ಹಸಿವನ್ನು. ಜಡಿಮಳೆಯಲ್ಲಿ ನೊಣ ಹೊರಗೆ ಹೋಗುವುದಿಲ್ಲ. ಬಿಡುವು ಸಿಕ್ಕಿ ಹೋದರೂ ಹೂವಿನ ಮಕರಂದ ನೀರಾಗಿರುತ್ತದೆ. ಒಳಗೆ ಬರುವುದು ನಿಂತರೆ ರಾಣಿ ಮೊಟ್ಟೆ ಇಡುವುದನ್ನು ತಗ್ಗಿಸುತ್ತದೆ. ದುಡಿಯುವ ನೊಣದ ಆಯಸ್ಸೇ ಕೆಲವು ವಾರ. ಹೋದವುಗಳ ಜಾಗಕ್ಕೆ ಹೊಸವು ಹುಟ್ಟದಿದ್ದರೆ ಪೆಟ್ಟಿಗೆ ಬರಿದಾಗದೆ ಇನ್ನೇನು?

ಆದರೂ ಮಳೆ ಬಿಟ್ಟ ಹೊತ್ತು ನೋಡಿ ಒಂದು ಎರಿ, ಅಂದರೆ ನೊಣ ಕಟ್ಟಿದ ಕಣಗಳಿರುವ ಮೇಣದ ಹಲಗೆ, ಎತ್ತಿ ನೋಡಿ. ಮರಿಹುಳ ಬಿಳಿಯಾಗಿ, ಮುತ್ತಿನ ಹೊಳಪಿನಲ್ಲಿ ಸುರುಳಿ ಸುತ್ತಿಕೊಂಡಿದ್ದರೆ ಚಿಂತೆಯಿಲ್ಲ. ನೀರು ತುಂಬಿ ಊದಿಕೊಂಡು, ಕಣದೊಳಗೆ ನೆಟ್ಟಗೆ ಮಲಗಿ ಸತ್ತಿದ್ದರೆ ಅದು ಸ್ಯಾಕ್‌ಬ್ರೂಡ್ ರೋಗ ಇರಬಹುದು. ಅದು ವೈರಸ್‌ನಿಂದ ಬರುವಂಥದ್ದು, ಔಷಧಿಯಿಲ್ಲ. ಆ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಯಾವ ಕಾರಣಕ್ಕೂ ಹಾಕಬೇಡಿ.

ಹಸಿವೇ ಆಗಿದ್ದರೆ ಪಾಕ ಕೊಡಿ. ಸಕ್ಕರೆ, ನೀರು ಸಮಸಮ. ನೀರು ಕುದಿಸಿ ಇಳಿಸಿ, ಸಕ್ಕರೆ ಕರಗಿಸಿ, ಪೂರ್ತಿ ಆರಿಸಿ. ಬೆಲ್ಲ ಬೇಡ, ನೊಣಕ್ಕೆ ಭೇದಿಯಾಗುತ್ತದೆ. ಬೇರೆ ಕಡೆಯ ಜೇನುತುಪ್ಪವೂ ಬೇಡ, ಅದರ ಜೊತೆ ರೋಗ ಬರಬಹುದು. ಬಾಟಲಿ ಮುಚ್ಚಳಕ್ಕೆ ಸಣ್ಣ ಮೊಳೆಯಿಂದ ನಾಲ್ಕೈದು ತೂತು ಮಾಡಿ, ಚೌಕಟ್ಟುಗಳ ಮೇಲೆ ಬೋರಲು ಹಾಕಿ. ಮೊದಲು ಒಂದೆರಡು ಹನಿ ತೊಟ್ಟಿಕ್ಕಿ ನಿಂತುಬಿಡುತ್ತದೆ. ಆಮೇಲೆ ನೊಣಗಳು ತೂತಿಗೆ ನಾಲಿಗೆ ಚಾಚಿ ಹೀರಿಕೊಳ್ಳುತ್ತವೆ. ಬಟ್ಟಲಲ್ಲಿ ಕೊಟ್ಟರೆ ಕಡ್ಡಿ ಹಾಕಿಡಿ, ಇಲ್ಲವಾದರೆ ಮುಳುಗಿ ಸಾಯುತ್ತವೆ.

ಕೊಡುವುದು ಕತ್ತಲಾಗುವ ಹೊತ್ತಿಗೆ, ಎರಡೂ ಪೆಟ್ಟಿಗೆಗೆ ಒಂದೇ ದಿನ. ಹಗಲಲ್ಲಿ ಕೊಟ್ಟು, ಪಾಕ ಹೊರಗೆ ಚೆಲ್ಲಿದರೆ ಬಲವಾದ ಕುಟುಂಬ ಬಡವಾದದ್ದನ್ನು ದೋಚುತ್ತದೆ. ಬಾಗಿಲಲ್ಲಿ ನೊಣಗಳು ಕಚ್ಚಾಡಿ ಬೀಳುವುದನ್ನು ನೋಡಿದರೆ ಸಂಕಟವಾಗುತ್ತದೆ.

ಪಾಕ ಒಂದೇ ಸಾಲದು. ನೊಣ ಮುಚ್ಚದ ಖಾಲಿ ಎರಿಗಳನ್ನು ತೆಗೆದುಬಿಡಿ, ಮೇಣದ ಹುಳು ಸೇರುವುದೇ ಅಲ್ಲಿ. ಅಡಿಹಲಗೆಯ ಮೇಣದ ಪುಡಿ ಗುಡಿಸಿ. ಬಾಗಿಲು ಸಣ್ಣದು ಮಾಡಿ, ಪೆಟ್ಟಿಗೆ ಮುಂದಕ್ಕೆ ಚೂರು ಬಾಗಿರಲಿ, ನೀರು ಒಳಗೆ ನಿಲ್ಲಬಾರದು. ಕಾಲುಗಳ ಕೆಳಗಿನ ನೀರಿನ ಬಟ್ಟಲಿಗೆ ಹುಲ್ಲುಕಡ್ಡಿ ಸೇತುವೆಯಾದರೆ ಇರುವೆಗೆ ಅಷ್ಟು ಸಾಕು. ಹಾಗಂತ ದಿನಾ ತೆರೆಯಬೇಡಿ. ಮರಿಗಳಿಗೆ 34-35 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಸುಮ್ನೆ ತೆರೆದರೆ ಆ ಶಾಖ ಹೋಗುತ್ತದೆ, ಜಾಸ್ತಿ ಕಾಡಿದರೆ ತುಡುವೆ ಪೆಟ್ಟಿಗೆಯನ್ನೇ ಬಿಟ್ಟು ಹೋಗುತ್ತದೆ. ಪೆಟ್ಟಿಗೆಯ ಹಿಂಬದಿಯನ್ನು ಕೈಯಲ್ಲಿ ಸ್ವಲ್ಪ ಎತ್ತಿ ಭಾರ ನೋಡಿ. ನಾನು ಹೆಚ್ಚಾಗಿ ಮಾಡುವುದು ಇಷ್ಟೇ.

ಪ್ರಶ್ನೆ: ಮಳೆ ಮುಗಿದ ತಕ್ಷಣ ಜೇನು ಕೋಣೆ (ಜೇನು ತುಂಬಲು ಮೇಲೆ ಇಡುವ ಪೆಟ್ಟಿಗೆ) ಏರಿಸಬಹುದಾ?

ಉತ್ತರ: ಅವಸರ ಬೇಡ. ಕಾಲಿಗೆ ಪರಾಗ ಮೆತ್ತಿಕೊಂಡು ನೊಣ ಬರಲಿ, ರಾಣಿ, ಮರಿಗಳಿರುವ ಕೆಳಗಿನ ಸಂಸಾರ ಕೋಣೆಯ ಎಲ್ಲ ಎರಿಯನ್ನೂ ನೊಣ ಮುಚ್ಚಲಿ, ಅಂಚಿನಲ್ಲಿ ಹೊಸ ಬಿಳಿ ಮೇಣ ಕಾಣಲಿ. ಆಗ ಏರಿಸಿ. ಅಲ್ಲಿಗೆ ಪಾಕ ನಿಲ್ಲಿಸಲೇಬೇಕು, ಇಲ್ಲದಿದ್ದರೆ ನಿಮಗೆ ಸಿಗುವುದು ಸಕ್ಕರೆಯೇ ಹೊರತು ಜೇನಲ್ಲ. ಮುಕ್ಕಾಲು ಭಾಗ ಕಣಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆ ತೆಗೆಯಿರಿ. ಹಸಿ ಜೇನು ಹುಳಿಯುತ್ತದೆ. ಸಂಸಾರ ಕೋಣೆಯ ಮೇಲಂಚಿನಲ್ಲಿರುವ ಜೇನಿಗೆ ಮಾತ್ರ ಕೈ ಹಾಕಬೇಡಿ, ಅದು ಅವುಗಳ ಮಳೆಗಾಲದ ಊಟ.