ಕೂಸಿನ ಜೊತೆ ವಿಮಾನ: ಇಳಿಯುವ ಅರ್ಧ ಗಂಟೆಗೆ ಹಾಲು ಉಳಿಸಿಕೊಳ್ಳಿ

ಪ್ರಶ್ನೆ: ಬಾಣಂತನ ಮುಗಿಸಿಕೊಂಡು ಮಗಳು ಐದು ತಿಂಗಳ ಗಂಡು ಕೂಸಿನ ಜೊತೆ ಫ್ರಾಂಕ್‌ಫರ್ಟ್‌ಗೆ ಹೊರಟಿದ್ದಾಳೆ. ಕಿವಿಗೆ ಹತ್ತಿ ಇಟ್ಟರೆ ನೋವಾಗುವುದಿಲ್ಲ ಎನ್ನುತ್ತಾರೆ ನೆಂಟರು. ನಿದ್ದೆ ಬರುವ ಸಿರಪ್ ಅರ್ಧ ಚಮಚ ಹಾಕಿದರೆ ದಾರಿಯುದ್ದಕ್ಕೂ ಮಲಗಿರುತ್ತದೆ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?
– ಒಬ್ಬ ಅಜ್ಜಿ, ದಾವಣಗೆರೆ

ಉತ್ತರ: ಎರಡೂ ಬೇಡ ಅಮ್ಮ. ಸಿರಪ್ ಅಂತೂ ಮನೆಯಿಂದ ಹೊರಡುವ ಚೀಲಕ್ಕೇ ಸೇರಬಾರದು. ನಿದ್ದೆಗೆಂದು ಜನ ಕೊಡುವ ಪ್ರೊಮೆಥಜೈನ್ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಲ್ಲದು. ಆ ವಯಸ್ಸಿಗೆ ಅದು ನಿಷಿದ್ಧ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ನಮ್ಮ ದೇಶದ ಔಷಧ ನಿಯಂತ್ರಕರೇ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಿದ್ದಾರೆ. ಮಂಪರಿನಲ್ಲಿರುವ ಕೂಸು ಎಂಜಲು ನುಂಗುವುದೂ ಕಡಿಮೆ. ಕಿವಿಯನ್ನು ಕಾಪಾಡುವುದು ಆ ನುಂಗುವಿಕೆಯೇ.

ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆ. ಅಲ್ಲಿಂದ ಮೂಗಿನ ಹಿಂಬದಿಗೆ, ಗಂಟಲಿನ ಮೇಲ್ಭಾಗಕ್ಕೆ ಒಂದು ಸಣ್ಣ ನಾಳ. ಗಾಳಿ ಒಳಹೊರಗೆ ಓಡಾಡುವುದು ಆ ನಾಳದ ಮೂಲಕ, ಕಿವಿಯ ತೂತಿನ ಮೂಲಕ ಅಲ್ಲ. ಹೀಗಿರುವಾಗ ಹೊರಗೆ ಹತ್ತಿ ತುರುಕಿ ಏನು ಪ್ರಯೋಜನ? ವಿಮಾನ 35,000 ಅಡಿಯಲ್ಲಿ ಹಾರಿದರೂ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. ಮುಳ್ಳಯ್ಯನಗಿರಿಯ ತುದಿ ಎಂದುಕೊಳ್ಳಿ, ಇಲ್ಲವೇ ಅದಕ್ಕಿಂತ ತುಸು ಮೇಲೆ. ಅಲ್ಲಿಂದ ಅರ್ಧ ಗಂಟೆಯೊಳಗೆ ಹೆಚ್ಚುಕಡಿಮೆ ಸಮುದ್ರಮಟ್ಟಕ್ಕೆ ಇಳಿಯಬೇಕು. ಏರುವಾಗ ಒಳಗಿನ ಗಾಳಿ ತಾನಾಗಿಯೇ ನುಸುಳಿ ಹೊರಬರುತ್ತದೆ. ಇಳಿಯುವಾಗ ಹೊರಗಿನ ಒತ್ತಡವೇ ಹೆಚ್ಚಾಗಿ, ಆ ಮೆತ್ತನೆಯ ನಾಳ ಒದ್ದೆ ಬಟ್ಟೆಯಂತೆ ಅಂಟಿಕೊಳ್ಳುತ್ತದೆ. ತಮಟೆ ಒಳಕ್ಕೆ ಜಗ್ಗಿ ನೋಯುತ್ತದೆ. ಪ್ರತಿ ಗುಟುಕು ನುಂಗಿದಾಗಲೂ ಸುತ್ತಲ ಸ್ನಾಯುಗಳು ಆ ನಾಳವನ್ನು ಒಂದು ಕ್ಷಣ ಬಿಡಿಸುತ್ತವೆ. ಕೂಸುಗಳಲ್ಲಿ ಅದು ಇನ್ನೂ ಕಿರಿದು, ಓರೆಯೂ ಕಡಿಮೆ. ಅದಕ್ಕೇ ದೊಡ್ಡವರಿಗಿಂತ ಅವಕ್ಕೆ ಕಷ್ಟ.

ಹೆಚ್ಚಿನವರು ತಪ್ಪುವುದು ಹೊತ್ತಿನ ಲೆಕ್ಕದಲ್ಲಿ. ಬಾಗಿಲು ಮುಚ್ಚಿದ ಕೂಡಲೇ ಹಾಲು ಕೊಡುತ್ತಾರೆ. ವಿಮಾನ ರನ್‌ವೇಯ ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಂತರೆ, ಮೇಲೇಳುವಷ್ಟರಲ್ಲಿ ಬಾಟಲಿ ಖಾಲಿ. ಏರುವಾಗ ಓಟ ಶುರುವಾದ ಮೇಲೆ ಕೊಟ್ಟರೆ ಸಾಕು. ಇಳಿಯುವಾಗ ಮಾತ್ರ ಲೆಕ್ಕ ಬಿಗಿಯಾಗಿರಲಿ. ನೆಲ ಮುಟ್ಟುವುದಕ್ಕೆ ಸುಮಾರು 25–30 ನಿಮಿಷ ಮೊದಲೇ ಇಳಿತ ಶುರುವಾಗುತ್ತದೆ, ಬೆಲ್ಟ್ ಹಾಕಿ ಎನ್ನುವ ಘೋಷಣೆಗೂ ಮುಂಚೆ. ಎಂಜಿನ್ ಸದ್ದು ತಗ್ಗಿ, ನಿಮ್ಮ ಮಗಳ ಕಿವಿ ಗುಂಯ್ ಎಂದು ಕಟ್ಟಿಕೊಂಡರೆ ಅದೇ ಸೂಚನೆ. ಕೂಸು ಮಲಗಿದ್ದರೂ ಆಗ ಎಬ್ಬಿಸಬೇಕು. ತಲೆ ಎತ್ತರದಲ್ಲಿರುವಂತೆ ಹಿಡಿದು, ತಡೆತಡೆದು ಕುಡಿಸಬೇಕು: ಎರಡು ನಿಮಿಷ ಎದೆಹಾಲು, ತೇಗು ಬರಿಸಿ ಒಂದು ನಿಮಿಷ ಬಿಡುವು, ಮತ್ತೆ ಇನ್ನೊಂದು ಮಗ್ಗುಲು. ಬಾಯಿ ತಿರುಗಿಸಿಕೊಂಡರೆ ಚೀಪುವ ನಿಪ್ಪಲ್ ಕೊಡಲಿ. ಅದನ್ನೂ ಉಗುಳಿ ಅತ್ತರೆ ಗಾಬರಿ ಬೇಡ, ಅಳುವಾಗಲೂ ಆ ನಾಳ ತೆರೆದುಕೊಳ್ಳುತ್ತದೆ.

ನೆಗಡಿಯಿದ್ದರೆ ಹೊರಡುವ ಮೊದಲು ಮಕ್ಕಳ ವೈದ್ಯರಿಗೆ ಕಿವಿ ತೋರಿಸಿ. ಬರೀ ಮೂಗು ಕಟ್ಟಿದ್ದರೆ ಇಳಿತಕ್ಕೆ ಸ್ವಲ್ಪ ಮುಂಚೆ ಸಲೈನ್ ಹನಿ ಹಾಕಬಹುದು. ಕಿವಿ ಸೋರುತ್ತಿದ್ದರೆ ಅಥವಾ ಜ್ವರವಿದ್ದರೆ ವೈದ್ಯರು ಹೇಳಿದಂತೆ ಟಿಕೆಟ್ ಮುಂದೂಡುವುದೇ ಸರಿ.

ಪ್ರಶ್ನೆ: ನಮ್ಮದು ಡಬ್ಬಿ ಹಾಲು ಕುಡಿಯುವ ಮಗು. ಬಿಸಿನೀರನ್ನು ಸೆಕ್ಯುರಿಟಿಯಲ್ಲಿ ಬಿಡುತ್ತಾರೆಯೇ? ಎಷ್ಟು ಒಯ್ಯಬೇಕು?
– ಓದುಗರು, ಮೈಸೂರು

ಉತ್ತರ: ಬಿಡುತ್ತಾರೆ. ಅಂತರರಾಷ್ಟ್ರೀಯ ಪ್ರಯಾಣದ 100 ಮಿಲಿ ಮಿತಿ, ಪ್ರಯಾಣಕ್ಕೆ ಬೇಕಾದಷ್ಟು ಮಗುವಿನ ಹಾಲು, ನೀರು, ಆಹಾರಕ್ಕೆ ಅನ್ವಯಿಸುವುದಿಲ್ಲ. ಚೀಲದಲ್ಲಿ ಹುದುಗಿಸಿಡದೆ, ಫ್ಲಾಸ್ಕ್ ಬಾಟಲಿಗಳನ್ನು ಟ್ರೇನಲ್ಲಿ ಬೇರೆಯಾಗಿಟ್ಟು 'ಮಗುವಿನದು' ಎಂದು ಮೊದಲೇ ಹೇಳಿ. ಮುಚ್ಚಳ ತೆಗೆದು ತೋರಿಸಿ ಎನ್ನಬಹುದು. ದಾರಿಯಲ್ಲಿ ವಿಮಾನ ಬದಲಿಸುವುದಿದ್ದರೆ ಅಲ್ಲಿಯೂ ಇದೇ ತಪಾಸಣೆ ಇರುತ್ತದೆ.

ಹಾಲನ್ನು ಮನೆಯಿಂದಲೇ ಕಲಸಿ ಒಯ್ಯಬೇಡಿ. ಪುಡಿಯನ್ನು ಒಂದೊಂದು ಹೊತ್ತಿಗೆ ಅಳೆದು ಸಣ್ಣ ಒಣ ಡಬ್ಬಿಗಳಲ್ಲಿ ತುಂಬಿಡಿ. ಬಹುತೇಕ ಬ್ರಾಂಡ್‌ಗಳಲ್ಲಿ 30 ಮಿಲಿ ನೀರಿಗೆ ಒಂದು ಸಮತಟ್ಟು ಚಮಚ. ನಿಮ್ಮ ಡಬ್ಬಿಯ ಮೇಲೆ ಬರೆದದ್ದೇ ಅಂತಿಮ. ನೀರು ಕನಿಷ್ಠ 70 ಡಿಗ್ರಿ ಬಿಸಿ ಇರಬೇಕು, ಪುಡಿಯಲ್ಲಿರಬಹುದಾದ ರೋಗಾಣು ಸಾಯುವುದು ಆ ಬಿಸಿಗೆ. ಆದ್ದರಿಂದ ಕುದಿನೀರು ತುಂಬಿದ ಅರ್ಧ ಲೀಟರ್ ಸ್ಟೀಲ್ ಫ್ಲಾಸ್ಕ್ ನಿಮ್ಮದೇ ಇರಲಿ. ಬಿಸಿನೀರಿನಲ್ಲಿ ಕಲಸಿದ ಬಾಟಲಿಯನ್ನು, ಗಗನಸಖಿಯರಿಂದ ಐಸ್ ಹಾಕಿದ ನೀರಿನ ಲೋಟ ಕೇಳಿ ಅದರಲ್ಲಿ ನಿಲ್ಲಿಸಿದರೆ ಬೇಗ ಆರುತ್ತದೆ. ಮುಂಗೈಗೆ ಎರಡು ಹನಿ ಹಾಕಿ ನೋಡದೆ ಕೊಡಬೇಡಿ. ಬಾಯಿಟ್ಟ ಬಾಟಲಿಯಲ್ಲಿ ಉಳಿದದ್ದನ್ನು ಒಂದು ಗಂಟೆಯ ನಂತರ ಚೆಲ್ಲಿಬಿಡಿ.

ಎಷ್ಟು ಎಂಬ ಲೆಕ್ಕವನ್ನು ವಿಮಾನದ ಹೊತ್ತಿನಿಂದಲ್ಲ, ಮನೆಯ ಹೊಸ್ತಿಲಿನಿಂದ ಹಿಡಿಯಿರಿ. ಮೈಸೂರಿನಿಂದ ದೇವನಹಳ್ಳಿಗೆ ಕಾರಿನಲ್ಲಿ ನಾಲ್ಕು ಗಂಟೆ, ನಿಲ್ದಾಣದಲ್ಲಿ ಮೂರು, ಆಮೇಲೆ ಹಾರಾಟ. ಆ ಮೊತ್ತಕ್ಕೆ ಅರ್ಧದಷ್ಟು ಹೆಚ್ಚು ಹಾಲಿನಪುಡಿ, ಮೂರು ಗಂಟೆಗೊಂದರಂತೆ ಡಯಾಪರ್, ಮೇಲೆ ನಾಲ್ಕು. ಮಗುವಿಗೆ ಎರಡು ಜೊತೆ ಬಟ್ಟೆ ಇಟ್ಟುಕೊಂಡವರು ತಮಗೊಂದು ಅಂಗಿ ಇಟ್ಟುಕೊಳ್ಳುವುದನ್ನು ಮರೆಯುತ್ತಾರೆ. ವಾಂತಿಯಾದರೆ ಅದು ಬೀಳುವುದು ಎತ್ತಿಕೊಂಡವರ ಮೇಲೆ.

ಪ್ರಶ್ನೆ: ಅವಳಿ ಮಕ್ಕಳಿಗೆ ಎಂಟು ತಿಂಗಳು. ಮಂಗಳೂರಿನಿಂದ ಮುಂಬೈಗೆ ನಾನು, ಯಜಮಾನರು ಇಬ್ಬರೂ ಇದ್ದೇವೆ. ಒಂದೇ ಸಾಲಿನಲ್ಲಿ ಕೂರಬಹುದೇ?
– ಓದುಗರು, ಪುತ್ತೂರು

ಉತ್ತರ: ನಡುದಾರಿಯ ಒಂದೇ ಬದಿಯ ಮೂರು ಸೀಟಿನಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಮೂರು ಸೀಟಿನ ತಲೆಯ ಮೇಲೆ ಸಾಮಾನ್ಯವಾಗಿ ನಾಲ್ಕೇ ಆಮ್ಲಜನಕ ಮುಖವಾಡ ಇರುತ್ತವೆ, ಅಂದರೆ ಮಡಿಲ ಮಗುವಿಗೆಂದು ಹೆಚ್ಚುವರಿ ಒಂದೇ. ನಡುದಾರಿಯ ಆಚೆ ಒಬ್ಬರು ಈಚೆ ಒಬ್ಬರು, ಇಲ್ಲವೇ ಹಿಂದೆ ಮುಂದೆ ಸೀಟು ತೆಗೆದುಕೊಳ್ಳಿ. ತುರ್ತು ಬಾಗಿಲ ಸಾಲು ಕೊಡುವುದಿಲ್ಲ. ಒಬ್ಬ ದೊಡ್ಡವರ ಮಡಿಲಲ್ಲಿ ಒಂದೇ ಕೂಸು. ನಿಮ್ಮ ಬೆಲ್ಟಿಗೆ ಪೋಣಿಸುವ ಪುಟ್ಟ ಬೆಲ್ಟನ್ನು ಸಿಬ್ಬಂದಿ ಕೊಟ್ಟರೆ ಮಗುವಿನ ಹೊಟ್ಟೆಗೆ ಅದನ್ನು ಹಾಕಿ. ಒಂದೇ ಬೆಲ್ಟಿನೊಳಗೆ ಇಬ್ಬರನ್ನೂ ಸೇರಿಸಬೇಡಿ, ಜಗ್ಗಿದಾಗ ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ದೇಶದೊಳಗಿನ ಪ್ರಯಾಣಕ್ಕೆ ಇಬ್ಬರದೂ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ.

ಪ್ರಶ್ನೆ: ಮಗುವಿನ ಪಾಸ್‌ಪೋರ್ಟ್‌ಗೆ ಯಾವಾಗ ಹಾಕಬೇಕು?
– ಓದುಗರು, ಧಾರವಾಡ

ಉತ್ತರ: ಹೆಸರಿಟ್ಟ ಕೂಡಲೇ. 2023ರ ಅಕ್ಟೋಬರ್ 1 ಮತ್ತು ಆನಂತರ ಹುಟ್ಟಿದವರಿಗೆ ಜನ್ಮದಿನಾಂಕದ ದಾಖಲೆಯಾಗಿ ಜನನ ಪ್ರಮಾಣಪತ್ರ ಮಾತ್ರ ನಡೆಯುತ್ತದೆ. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಪತ್ರದಲ್ಲಿ ಎಷ್ಟೋ ಸಲ ಹೆಸರಿನ ಜಾಗ ಖಾಲಿಯಿರುತ್ತದೆ. ನಾಮಕರಣ ಮುಗಿದ ವಾರವೇ ಹೆಸರು ಸೇರಿಸಿಸಿ, ಅಕ್ಷರ ಅಕ್ಷರ ತಾಳೆ ನೋಡಿ, ಆಮೇಲೆ ಅರ್ಜಿ ಹಾಕಿ. ಅಪ್ಪ ಅಮ್ಮ ಇಬ್ಬರ ಒಪ್ಪಿಗೆಗೆ ಅನೆಕ್ಸರ್ ಡಿ ಎಂಬ ಘೋಷಣಾಪತ್ರ ಬೇಕು. ವೀಸಾ ಬೇಕಾದ ದೇಶವಾದರೆ ಅದರ ಕೆಲಸ ಶುರುವಾಗುವುದು ಪಾಸ್‌ಪೋರ್ಟ್ ಕೈಗೆ ಬಂದ ಮೇಲೆಯೇ.

ಪ್ರಶ್ನೆ: ವಿಮಾನದಲ್ಲಿ ತೊಟ್ಟಿಲು ಕೊಡುತ್ತಾರಂತೆ, ಹೌದೇ?
– ಓದುಗರು, ಶಿವಮೊಗ್ಗ

ಉತ್ತರ: ದೂರದ ಹಾರಾಟದ ದೊಡ್ಡ ವಿಮಾನಗಳಲ್ಲಿ ಉಂಟು, ಬ್ಯಾಸಿನೆಟ್ ಎನ್ನುತ್ತಾರೆ. ಎದುರಿಗೆ ಗೋಡೆಯಿರುವ ಸೀಟುಗಳಿಗಷ್ಟೇ ಸಿಗುವುದರಿಂದ ಟಿಕೆಟ್ ತೆಗೆದ ದಿನವೇ ಫೋನ್ ಮಾಡಿ ಕೇಳಿ, ಚೆಕ್-ಇನ್‌ನಲ್ಲಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ತೂಕದ ಮಿತಿ ಕಂಪನಿಯಿಂದ ಕಂಪನಿಗೆ ಬೇರೆ, ಹಲವೆಡೆ 10–11 ಕಿಲೋ ಆಸುಪಾಸು. ಏರುವಾಗ ಇಳಿಯುವಾಗ ಅದನ್ನು ಬಿಚ್ಚಿಡುತ್ತಾರೆ. ನಡುವೆ ವಿಮಾನ ಕುಲುಕಿ ಬೆಲ್ಟ್ ದೀಪ ಹತ್ತಿದರೆ, ನಡುರಾತ್ರಿಯಾದರೂ ಮಗುವನ್ನು ಎತ್ತಿಕೊಳ್ಳಲೇಬೇಕಾಗುತ್ತದೆ. ಆ ಸಾಲಿನಲ್ಲಿ ಮುಂದಿನ ಸೀಟೇ ಇಲ್ಲದ್ದರಿಂದ ಕಾಲಬುಡದಲ್ಲಿ ಚೀಲ ಇಡಲು ಬಿಡುವುದಿಲ್ಲ, ಎಲ್ಲವೂ ಮೇಲಿನ ಕಪಾಟಿಗೆ ಹೋಗುತ್ತದೆ. ಒಂದು ಹೊತ್ತಿನ ಹಾಲು, ಒಂದು ಡಯಾಪರ್, ಒರೆಸುವ ಬಟ್ಟೆ ಇರುವ ಪುಟ್ಟ ಕೈಚೀಲವನ್ನು ಬೇರೆಯೇ ಮಾಡಿಕೊಂಡು, ಬೆಲ್ಟ್ ದೀಪ ಆರಿದ ತಕ್ಷಣ ಇಳಿಸಿಕೊಳ್ಳಿ.